ಬೆನ್ನು ನೋಡಿ ಗುರುತು ಸಿಗಬಾರದು: 54 ಕಾರ್ಡುಗಳ ಕಟ್ಟು ಎಲ್ಲಿಯವರೆಗೆ ಬಂತು

ಸ್ವಂತವಾಗಿ ಮುದ್ರಿಸಿ, ಕತ್ತರಿಸಿ ಮಾಡುತ್ತಿರುವ ಕಾರ್ಡ್ ಆಟದ ಲೆಕ್ಕ ಹೀಗಿದೆ: 18 ಬಗೆಯ ಕಾರ್ಡು, ಬಗೆಗೆ ಮೂರು ಪ್ರತಿ, ಒಟ್ಟು 54. ಎ4 ಹಾಳೆಗೆ ಒಂಬತ್ತರಂತೆ ಆರು ಹಾಳೆ. ಕಾರ್ಡಿನ ಅಳತೆ 63 × 88 ಮಿ.ಮೀ. ಅಂಗಡಿಯಲ್ಲಿ ಸಿಗುವ ಮ್ಯಾಜಿಕ್ ಮತ್ತು ಪೋಕೆಮಾನ್ ಆಟಗಳ ಕಾರ್ಡುಗಳದ್ದೂ ಇದೇ ಅಳತೆ. ಹಾಗಾಗಿ ಸ್ಲೀವ್ (ಕಾರ್ಡು ತೂರಿಸುವ ಪ್ಲಾಸ್ಟಿಕ್ ಚೀಲ), ಡಬ್ಬಿ, ಆಲ್ಬಂ ಪುಟ ಯಾವುದನ್ನೂ ಬೇರೆಯಾಗಿ ಮಾಡಿಸಬೇಕಿಲ್ಲ. ಯು-ಗಿ-ಓ ಎಂಬ ಇನ್ನೊಂದು ಆಟದ ಕಾರ್ಡು 59 × 86 ಮಿ.ಮೀ., ಅದಕ್ಕೆಂದು ಮಾಡಿದ ಸ್ಲೀವಿನಲ್ಲಿ ಇದು ಕೂರುವುದಿಲ್ಲ. ಈಗ 45 ಕಾರ್ಡು ಕತ್ತರಿಸಿ ಮುಗಿದಿವೆ, ಹೊಳೆಯುವ ಫಾಯಿಲ್ ಹಾಕುವ ಒಂಬತ್ತು ಬಾಕಿ.

ಮೊದಲಿನಿಂದ ಹಿಡಿದುಕೊಂಡ ನಿಯಮ ಒಂದೇ. ಮಗುಚಿಟ್ಟ ಕಾರ್ಡಿನ ಗುರುತು ಯಾರಿಗೂ ಸಿಗಬಾರದು. ದಪ್ಪ, ಅಂಚು, ಮೂಲೆ, ಡೊಂಕು, ಬೆನ್ನಿನ ಬಣ್ಣ, ಇವುಗಳಲ್ಲಿ ಒಂದು ತಪ್ಪಿದರೂ ಆಟ ಕೆಟ್ಟಿತು. ಚಿತ್ರ ಸುಮಾರಾಗಿದ್ದರೆ ಆಟ ನಡೆಯುತ್ತದೆ, ಬೆನ್ನು ಕೆಟ್ಟರೆ ನಡೆಯುವುದಿಲ್ಲ.

ಬರಹ ಮತ್ತು ಚೌಕಟ್ಟು

ಕಾರ್ಡುಗಳ ಮಾಹಿತಿಯೆಲ್ಲ ಒಂದು ಸ್ಪ್ರೆಡ್‌ಶೀಟಿನಲ್ಲಿದೆ: ಹೆಸರು, ಬೆಲೆ, ಬಗೆ, ಬಲ, ತಾಳಿಕೆ, ಬರಹ, ಚಿತ್ರದ ಫೈಲು, ಪ್ರತಿಗಳ ಸಂಖ್ಯೆ. ಅಲ್ಲಿಂದ ಸಿಎಸ್‌ವಿ (ಕಂಬಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಫೈಲು) ಮಾಡಿ ಕಾರ್ಡಿನ ಚೌಕಟ್ಟಿಗೆ, ಅಂದರೆ ಟೆಂಪ್ಲೇಟಿಗೆ, ಸುರಿಯುವುದು. ಒಂದು ಅಂಕೆ ಬದಲಾಯಿಸಲು 18 ಚಿತ್ರಗಳನ್ನು ತೆರೆದು ಕೂರುವ ಕೆಲಸ ಇದರಿಂದ ತಪ್ಪುತ್ತದೆ. ಬರಹದ ನಡುವೆ ಅಲ್ಪವಿರಾಮ ಬಂದರೆ ಸಿಎಸ್‌ವಿ ಅದನ್ನು ಹೊಸ ಕಂಬವೆಂದು ಓದುತ್ತದೆ, ಆದ್ದರಿಂದ ಬರಹದ ಕಂಬವನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಫೈಲು ಯುಟಿಎಫ್-8 (ಯುನಿಕೋಡ್ ಅಕ್ಷರಗಳನ್ನು ಉಳಿಸುವ ರೂಪ) ಆಗಿರಲಿ. ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಿಸಿದ ಬರಹವಿದ್ದರೆ ಮೊದಲು ಪರಿವರ್ತಿಸಿಕೊಳ್ಳಿ, ಇಲ್ಲದಿದ್ದರೆ ಚೌಕಟ್ಟಿನಲ್ಲಿ ಬರುವುದು ಬರೀ ಗೋಜಲು.

ಕನ್ನಡ ಬರಹಕ್ಕೆ ಎತ್ತರ ಬೇಕು. ಬರಹದ ಜಾಗ 55 × 27 ಮಿ.ಮೀ.; 8 ಪಾಯಿಂಟ್ ಅಕ್ಷರಕ್ಕೆ 11.5 ಪಾಯಿಂಟ್ ಸಾಲಿನ ಅಂತರ ಕೊಟ್ಟರೆ ಆರು ಸಾಲು ಹಿಡಿಯುತ್ತದೆ. 10 ಪಾಯಿಂಟ್ ಅಂತರದಲ್ಲಿ 'ಶಸ್ತ್ರ', 'ಅಸ್ತ್ರ' ಬಂದಲ್ಲೆಲ್ಲ ಒತ್ತಕ್ಷರ ಕೆಳಸಾಲಿನ ಗುಡಿಸಿಗೆ ತಾಗಿತು. ಆರು ಸಾಲಿಗೆ ಮೀರಿದ ಬರಹವಿದ್ದರೆ ಅಕ್ಷರ ಕಿರಿದು ಮಾಡುವ ಬದಲು ನಿಯಮವನ್ನೇ ಚಿಕ್ಕದಾಗಿ ಬರೆಯುವುದು ಒಳ್ಳೆಯದು. 'ನಿಮ್ಮ ಸರದಿ ಶುರುವಾದ ಕೂಡಲೇ' ಎಂಬುದನ್ನು 'ಸರದಿಯ ಮೊದಲಿಗೆ' ಎಂದು ಒಮ್ಮೆ ಗೊತ್ತುಪಡಿಸಿ 18 ಕಾರ್ಡಿನಲ್ಲೂ ಅದನ್ನೇ ಬಳಸಿದ್ದರಿಂದ ಐದು ಕಾರ್ಡುಗಳಲ್ಲಿ ಒಂದೊಂದು ಸಾಲು ಉಳಿಯಿತು.

ಮುದ್ರಣ 1: ಬರೀ ಚೀಟಿ

80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಹಾಳೆ, ಕಪ್ಪು-ಬಿಳುಪು, ಒಂದೇ ಬದಿ. ಕತ್ತರಿಸಿ, ಹಿಂಬದಿ ಕಾಣದ ಸ್ಲೀವಿನೊಳಗೆ ಒಂದು ಹಳೆಯ ಕಾರ್ಡಿನ ಮುಂದೆ ತೂರಿಸಿದರೆ ಆಡಲು ಸಿದ್ಧ. ಆಟದ ಸಮತೋಲನ ಸರಿಯಾಗುವವರೆಗೆ ಇದಕ್ಕಿಂತ ಹೆಚ್ಚು ಶ್ರಮ ಹಾಕಬಾರದು. ಇಲ್ಲಿ ಬೆಲೆ, ಬಲ ಸೇರಿ 11 ಅಂಕೆಗಳು ಬದಲಾದವು.

ಕಾರ್ಡುಗಳು 61 ಮಿ.ಮೀ. ಅಗಲಕ್ಕೆ ಬಂದಿದ್ದವು. ಪ್ರಿಂಟರ್ ಸೆಟ್ಟಿಂಗಿನಲ್ಲಿ 'ಪುಟಕ್ಕೆ ಹೊಂದಿಸು' ಎಂದಿದ್ದರೆ ಇಡೀ ಪುಟ ಸುಮಾರು ಶೇ. 97ಕ್ಕೆ ಕುಗ್ಗುತ್ತದೆ. 'ನಿಜ ಅಳತೆ', ಅಂದರೆ ಶೇ. 100, ಆಯ್ದುಕೊಳ್ಳಬೇಕು. ಈಗ ಪ್ರತಿ ಪುಟದ ತಳದಲ್ಲೂ 100 ಮಿ.ಮೀ. ಉದ್ದದ ಗೆರೆಯಿದೆ, ಕತ್ತರಿಸುವ ಮುನ್ನ ಸ್ಕೇಲ್ ಇಟ್ಟು ನೋಡುವುದು.

ಮುದ್ರಣ 2: ರಟ್ಟು ಮತ್ತು ಬೆನ್ನು

ಜಿಎಸ್‌ಎಂ ತೂಕದ ಅಳತೆ, ದಪ್ಪದ್ದಲ್ಲ. ಕೋಟಿಂಗ್ ಇಲ್ಲದ 300 ಜಿಎಸ್‌ಎಂ ರಟ್ಟು 0.38 ಮಿ.ಮೀ. ಬಂತು, ಕೋಟಿಂಗ್ ಇದ್ದದ್ದು 0.28. ಮಾರಾಟದ ಆಟಗಳ ಕಾರ್ಡುಗಳು 0.30ರ ಆಸುಪಾಸು. ದಪ್ಪ ರಟ್ಟಿನಲ್ಲಿ ಕಟ್ಟು ಎತ್ತರವಾಗಿ ಕಲೆಸಲು ಕೈಗೆ ಸಿಗುವುದಿಲ್ಲ, ಆದ್ದರಿಂದ ಕೋಟಿಂಗ್ ಇದ್ದದ್ದೇ ಉಳಿಯಿತು. ಕೆಳಗಿನ ಟ್ರೇಯಿಂದ ಎಳೆದರೆ ರಟ್ಟು ರೋಲರಿನಲ್ಲಿ ಪೂರ್ತಿ ತಿರುಗಿ ಬರಬೇಕು. ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಸುರುಳಿಯಾಗಿ ಹೊರಬರುತ್ತದೆ. ಹಿಂಭಾಗದ ನೇರ ದಾರಿಯಿಂದ ಒಂದೊಂದೇ ಹಾಳೆ ಕೊಡಬೇಕು.

ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಮುದ್ರಿಸುವ ಹೆಚ್ಚುವರಿ ಬಣ್ಣ) ಬಿಡುವುದು ವಾಡಿಕೆ. ಆದರೆ 69 × 3 = 207 ಮಿ.ಮೀ. ಆಗುತ್ತದೆ, ಎ4 ಅಗಲ 210, ಉಳಿದ ಒಂದೂವರೆ ಮಿ.ಮೀ. ಅಂಚಿನಲ್ಲಿ ಬಹುತೇಕ ಪ್ರಿಂಟರುಗಳು ಮುದ್ರಿಸುವುದೇ ಇಲ್ಲ. 1 ಮಿ.ಮೀ. ಬ್ಲೀಡ್ ಇಟ್ಟರೆ 195 × 270, ಪಕ್ಕದಲ್ಲಿ 7.5, ಮೇಲೆ ಕೆಳಗೆ 13.5 ಮಿ.ಮೀ. ಉಳಿಯುತ್ತದೆ. ಚಿತ್ರದ ಅಳತೆ 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) 768 × 1063 ಪಿಕ್ಸೆಲ್.

ನಿಜವಾದ ಕಷ್ಟ ಎರಡು ಬದಿ ಹೊಂದಿಸುವುದರಲ್ಲಿದೆ. ಕತ್ತರಿಸುವ ಗುರುತಿಗೆ ಸೂಜಿ ಚುಚ್ಚಿ ಹಿಂಬದಿ ನೋಡಿದಾಗ 1.2 ಮಿ.ಮೀ. ಪಕ್ಕಕ್ಕೆ ಜರುಗಿತ್ತು. ಇದರಲ್ಲಿ ಎರಡು ತಪ್ಪು ಬೆರೆತಿರುತ್ತವೆ. ಎಲ್ಲ ಹಾಳೆಯಲ್ಲೂ ಒಂದೇ ಕಡೆಗೆ, ಒಂದೇ ಅಳತೆಗೆ ಬರುವ ಜರುಗನ್ನು ಫೈಲಿನಲ್ಲಿ ಹಿಂಬದಿಯ ಪುಟವನ್ನು ಅಷ್ಟೇ ಸರಿಸಿ ತಿದ್ದಬಹುದು. ಒಂಬತ್ತರ ಜಾಲ ಪುಟದ ಸರಿಯಾದ ನಡುವಿನಲ್ಲಿರಬೇಕು, ಏಕೆಂದರೆ ಮಗುಚಿದಾಗ ತಪ್ಪು ಇಮ್ಮಡಿಯಾಗುತ್ತದೆ. ಹಾಳೆಯಿಂದ ಹಾಳೆಗೆ ಬದಲಾಗುವ ಅರ್ಧ ಮಿ.ಮೀ. ಮಾತ್ರ ರೋಲರ್ ಹಿಡಿಯುವ ರೀತಿಯದ್ದು, ಅದು ಹೋಗುವುದಿಲ್ಲ.

ಹೋಗದ ತಪ್ಪನ್ನು ವಿನ್ಯಾಸದಲ್ಲಿ ಮುಚ್ಚಬೇಕು. ಬೆನ್ನಿಗೆ 2 ಮಿ.ಮೀ. ತೆಳ್ಳಗಿನ ಅಂಚುಪಟ್ಟಿ ಹಾಕಿದ್ದರೆ ಅರ್ಧ ಮಿ.ಮೀ. ಜರುಗಿದರೂ ಒಂದು ಕಡೆ 1.5, ಇನ್ನೊಂದು ಕಡೆ 2.5, ಕಣ್ಣು ತಕ್ಷಣ ಹಿಡಿಯುತ್ತದೆ. ಈಗಿನ ಬೆನ್ನಿನಲ್ಲಿ ಸುತ್ತ 12 ಮಿ.ಮೀ. ಬರೀ ಗಾಢ ನೀಲಿ, ನಡುವೆ ಒಂದು ಮುದ್ರೆ. ಕಾರ್ಡುಗಳ ನಡುವಿನ ಜಾಗವನ್ನೂ ಅದೇ ನೀಲಿಯಿಂದ ತುಂಬಿದ್ದರಿಂದ ಬಿಳಿ ಗೆರೆ ಕಾಣುವ ಪ್ರಶ್ನೆಯೇ ಇಲ್ಲ. ಮುದ್ರೆಯನ್ನು ತಲೆಕೆಳಗು ಮಾಡಿದರೂ ಅದೇ ರೂಪ ಬರುವಂತೆ ಬರೆದಿದೆ. ಬೆನ್ನು ಸ್ವಂತದ್ದೇ ಇರಲಿ; ಮಾರಾಟದ ಆಟದ ಬೆನ್ನನ್ನು ನಕಲು ಮಾಡಿದರೆ ಅದು ಖೋಟಾ ಕಾರ್ಡಾಗುತ್ತದೆ.

ಕತ್ತರಿಸುವುದು

ಹಾಳೆಗೆ ಆರು ಉದ್ದ ಕಡಿತ, ಬಂದ ಮೂರು ಪಟ್ಟಿಗಳಿಗೆ ಆರಾರು ಅಡ್ಡ ಕಡಿತ, ಒಟ್ಟು 24. ಆರು ಹಾಳೆಗೆ 144. ಪ್ರತಿ ಗುರುತಿಗೂ ಸ್ಕೇಲ್ ಹೊಂದಿಸುತ್ತ ಹೋದರೆ ಕಾರ್ಡುಗಳು 62.6ರಿಂದ 63.4ರವರೆಗೆ ಬರುತ್ತವೆ, ಕಟ್ಟಿನ ಪಕ್ಕದಲ್ಲಿ ಬೆರಳಾಡಿಸಿದರೆ ಮೆಟ್ಟಿಲು ತಿಳಿಯುತ್ತದೆ. ಒಂದು ಅಂಚನ್ನು ಮಾತ್ರ ಗುರುತು ನೋಡಿ ಕತ್ತರಿಸಿ, ಎದುರಿನ ಅಂಚಿಗೆ 63 ಮಿ.ಮೀ. ದೂರದಲ್ಲಿ ಅಂಟಿಸಿದ ತಡೆಪಟ್ಟಿಗೆ ಆನಿಸಿ ಕತ್ತರಿಸಬೇಕು. ಚಿತ್ರ ಕೂದಲೆಳೆಯಷ್ಟು ಓರೆಯಾದರೂ ಅಳತೆ ಎಲ್ಲದಕ್ಕೂ ಒಂದೇ.

ಸ್ಟೀಲ್ ಸ್ಕೇಲ್, ಮುರಿಯುವ ಬ್ಲೇಡಿನ ಕಟರ್, ಕೆಳಗೆ ಮ್ಯಾಟ್. ಮೊದಲ ಎಳೆತ ಹಗುರ, ಒಟ್ಟು ಮೂರು ನಾಲ್ಕು ಎಳೆತ. ಒಂದೇ ಸಲಕ್ಕೆ ಒತ್ತಿದರೆ ಬ್ಲೇಡು ವಾಲಿ ಅಂಚು ಇಳಿಜಾರಾಗುತ್ತದೆ. ಎರಡು ಹಾಳೆಗೊಮ್ಮೆ ಬ್ಲೇಡಿನ ತುದಿ ಮುರಿಯಿರಿ. ಮೊಂಡಾದ ಬ್ಲೇಡು ಕೋಟಿಂಗನ್ನು ಕತ್ತರಿಸುವ ಬದಲು ಹರಿಯುತ್ತದೆ, ಗಾಢ ನೀಲಿಯಲ್ಲಿ ಬಿಳಿ ನಾರು ಎದ್ದು ಕಾಣುತ್ತದೆ.

ಮೂಲೆಗೆ 3 ಮಿ.ಮೀ. ತ್ರಿಜ್ಯದ ಪಂಚ್, ಒಂದೊಂದೇ ಕಾರ್ಡು. ಎರಡು ಸೇರಿಸಿ ಒತ್ತಿದರೆ ಕೆಳಗಿನದು ಜಾರುತ್ತದೆ. ಪಂಚ್ ಮೊಂಡಾಗಿ ಅಂಚು ಜಗಿದಂತೆ ಬರತೊಡಗಿದರೆ ಅಲ್ಯುಮಿನಿಯಂ ಫಾಯಿಲನ್ನು ನಾಲ್ಕು ಮಡಿಕೆ ಮಾಡಿ ಹತ್ತಾರು ಸಲ ಒತ್ತಿ.

ಬಾಕಿ: ಫಾಯಿಲ್ ಹಾಳೆ

ಮೂರು ಅಪರೂಪದ ಬಗೆಗಳು ಬೇಕೆಂದೇ ಒಂದೇ ಹಾಳೆಯಲ್ಲಿವೆ. ಮುಂಬದಿಗೆ ಹೊಳೆಯುವ ಹೋಲೋಗ್ರಾಫಿಕ್ ಕೋಲ್ಡ್ ಫಿಲ್ಮ್ (ಬಿಸಿ ಮಾಡದೆ ಅಂಟಿಸುವ ಪ್ಲಾಸ್ಟಿಕ್ ಪೊರೆ) ಅಂಟಿಸಿದ ಪರೀಕ್ಷಾ ಹಾಳೆ ಎರಡೇ ದಿನದಲ್ಲಿ ಬಾಗಿತು. ತೇವಕ್ಕೆ ರಟ್ಟು ಹಿಗ್ಗುತ್ತದೆ, ಫಿಲ್ಮ್ ಹಿಗ್ಗುವುದಿಲ್ಲ. ಕಾರ್ಡು ಫಿಲ್ಮಿನ ಕಡೆಗೆ ಬಗ್ಗುತ್ತದೆ. ಭಾರ ಹೇರಿದರೆ ನೆಟ್ಟಗಾಗುತ್ತದೆ, ಎತ್ತಿದ ಮೇಲೆ ಮತ್ತೆ ಬಾಗುತ್ತದೆ. ಹಿಂಬದಿಗೂ ಅಷ್ಟೇ ದಪ್ಪದ ಪಾರದರ್ಶಕ ಫಿಲ್ಮ್ ಹಾಕಿದರೆ ಎಳೆತ ಎರಡೂ ಕಡೆ ಸಮ. ಆಗ ಈ ಒಂಬತ್ತರ ಬೆನ್ನು ಮಾತ್ರ ನುಣುಪಾಗಿ, ಕಾರ್ಡು ದಪ್ಪವಾಗಿ ಗುರುತು ಸಿಗುತ್ತದೆ, ಹಾಗಾಗಿ ಉಳಿದ 45ಕ್ಕೂ ಎರಡು ಬದಿ ಪಾರದರ್ಶಕ ಫಿಲ್ಮ್ ಬೇಕು. ಅದನ್ನು ಕತ್ತರಿಸುವ ಮೊದಲೇ ಹಾಕಬೇಕಿತ್ತು. ಅಂದರೆ ಆ ಐದು ಹಾಳೆಗಳನ್ನೂ ಮತ್ತೆ ಮುದ್ರಿಸಬೇಕು. ಇಂಕ್‌ಜೆಟ್ ಶಾಯಿ ಒಣಗಲು 24 ಗಂಟೆ ಬಿಟ್ಟು ಫಿಲ್ಮ್, ಆಮೇಲೆ ಕಡಿತ. ಈಗ ಕತ್ತರಿಸಿರುವ 45 ಸ್ಲೀವಿನಲ್ಲಿ ಆಟದ ಪರೀಕ್ಷೆಗೆ ಹೋಗುತ್ತವೆ. ಮುಂದಿನ ಕೆಲಸ ಆರೂ ಹಾಳೆಗೆ ಸಾಕಾಗುವಷ್ಟು ಒಂದೇ ದಪ್ಪದ ಫಿಲ್ಮ್ ಹೊಂದಿಸುವುದು.