ಮರಳ ದಿಬ್ಬ ಕಟ್ಟುವುದು ಗಾಳಿಯ ಕೆಲಸ

ಕಡಲತೀರದ ಮರಳ ದಿಬ್ಬ ಸವೆದರೆ ಜೆಸಿಬಿ ತರಿಸಿ ಮರಳು ಗುಡ್ಡೆ ಹಾಕಿಸಬೇಡಿ. ಸುರಿದ ಮರಳನ್ನು ಹಿಡಿದಿಡುವ ಬೇರು ಅಲ್ಲಿರುವುದಿಲ್ಲ. ಜೋರು ಗಾಳಿ ಬೀಸಿದರೆ ಅದು ಹಿಂದಿನ ರಸ್ತೆ, ಮನೆಗಳತ್ತ ಹಾರಿಹೋಗುತ್ತದೆ. ಮರಳನ್ನು ಗಾಳಿಯೇ ತರಲಿ. ಬಂದದ್ದನ್ನು ತಡೆದು ನಿಲ್ಲಿಸುವುದಷ್ಟೇ ನಮ್ಮ ಪಾಲು.

ಬೇಲಿ, ಗಿಡಗಳಿಗಿಂತ ಮುಂಚೆ ಕಾಲ್ದಾರಿ ಮುಚ್ಚಿ. ತುಳಿತಕ್ಕೆ ಬಳ್ಳಿ ಸತ್ತ ಜಾಗ ಬೋಳಾಗುತ್ತದೆ, ಆ ಸೀಳಿನೊಳಗೆ ಗಾಳಿ ರಭಸದಿಂದ ನುಗ್ಗಿ ದಿಬ್ಬವನ್ನೇ ಕೊರೆಯುತ್ತದೆ. ಜನ ದಾಟಲೇಬೇಕಾದ ಕಡೆ ಕಂಬಗಳ ಮೇಲೆ ಎತ್ತರಿಸಿದ ಹಲಗೆ ದಾರಿ ಮಾಡಿ. ಅದು ಗಾಳಿ ಬೀಸುವ ದಿಕ್ಕಿಗೆ ನೇರವಾಗಿರದೆ ಓರೆಯಾಗಿರಲಿ.

ಬೇಲಿಯ ಎತ್ತರ 1ರಿಂದ 1.2 ಮೀಟರ್ ಸಾಕು. ಬಿದಿರಿನ ದಬ್ಬೆಯೋ ಮರದ ಪಟ್ಟಿಯೋ, ಏನೇ ಬಳಸಿದರೂ ಅರ್ಧದಷ್ಟು ಸಂದು ಬಿಡಬೇಕು. ಇಲ್ಲೇ ಹೆಚ್ಚಿನವರು ಎಡವುವುದು. ಸಂದಿಲ್ಲದ ಗೋಡೆಗೆ ಬಡಿದ ಗಾಳಿ ಸುಳಿಯಾಗಿ ಬುಡದ ಮರಳನ್ನೇ ಕೆದಕುತ್ತದೆ. ಸಂದಿನಲ್ಲಿ ನುಸುಳಿದ ಗಾಳಿಯಾದರೆ ವೇಗ ಕಳೆದುಕೊಂಡು, ಹೊತ್ತ ಮರಳನ್ನು ಬೇಲಿಯ ಅಕ್ಕಪಕ್ಕದಲ್ಲೇ ಇಳಿಸುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರ ಮುಟ್ಟುವ ಗೆರೆಗಿಂತ ಸಾಕಷ್ಟು ಮೇಲಕ್ಕೆ ಕಂಬ ನೆಡಿ, ಇಲ್ಲದಿದ್ದರೆ ಅಲೆಯೇ ಕಿತ್ತೊಯ್ಯುತ್ತದೆ. ಕಡಲಾಮೆ ಮೊಟ್ಟೆಯಿಡುವ ತೀರದಲ್ಲಿ ಉದ್ದ ಬೇಲಿ ಬೇಡವೇ ಬೇಡ. ನಡುನಡುವೆ ಅಗಲವಾದ ತೆರಪಿಟ್ಟು ತುಂಡು ತುಂಡಾಗಿ ಹಾಕಿ. ಪ್ಲಾಸ್ಟಿಕ್ ಬಲೆಯನ್ನಂತೂ ಮುಟ್ಟಬೇಡಿ.

ಬೇಲಿ ಹೂತುಹೋಗುವಷ್ಟು ಮರಳು ನಿಂತರೂ ಅದು ಇನ್ನೂ ಸಡಿಲ ರಾಶಿಯೇ. ಗಟ್ಟಿಯಾಗಲು ಗಿಡ ಬೇಕು. ಬಿಸಿ ನಾಡಿನ ತೀರಗಳಲ್ಲಿ ಅಡುಂಬು ಬಳ್ಳಿ, ರಾವಣನ ಮೀಸೆ ಹುಲ್ಲು ಈ ಕೆಲಸಕ್ಕೆ ಹೇಳಿ ಮಾಡಿಸಿದಂಥವು: ಮೇಲೆ ಮರಳು ಬಿದ್ದಷ್ಟೂ ಗೆಣ್ಣಿನಲ್ಲಿ ಹೊಸ ಬೇರು ಬಿಟ್ಟು ಮೇಲೇಳುತ್ತವೆ. ಮಳೆ ಹಿಡಿದ ಮೇಲೆ, ಮೂರು–ನಾಲ್ಕು ಗೆಣ್ಣುಗಳಿರುವ ತುಂಡುಗಳನ್ನು ಮೂರರಲ್ಲಿ ಎರಡು ಪಾಲು ಹೂಳಿ, ಸುಮಾರು ಅರ್ಧ ಮೀಟರ್ ಅಂತರದಲ್ಲಿ ನೆಡಿ. ಮೇಲಿನ ಒಣ ಮರಳಲ್ಲಿ ನೆಟ್ಟದ್ದು ಬಾಡುತ್ತದೆ, ತೇವ ಸಿಗುವವರೆಗೆ ತೋಡಿ. ಇರುವ ದಿಬ್ಬದ ಬಳ್ಳಿಯನ್ನು ಒಂದೇ ಕಡೆ ಬರಿದು ಮಾಡದೆ ಅಲ್ಲಿಷ್ಟು ಇಲ್ಲಿಷ್ಟು ಕತ್ತರಿಸಿಕೊಳ್ಳಿ.

ದಿಬ್ಬದ ಮುಂಭಾಗದಲ್ಲಿ ಗಾಳಿಮರದ ತೋಪು ಎಬ್ಬಿಸುವುದು ನನಗೆ ಒಪ್ಪಿಗೆಯಿಲ್ಲ. ಅದರ ನೆರಳಿಗೂ ಉದುರಿದ ತರಗಿನ ಹಾಸಿಗೂ ಮರಳು ಕಟ್ಟುವ ಬಳ್ಳಿಗಳು ಸಾಯುತ್ತವೆ.

ಅಲೆ ತಂದೆಸೆದ ಕಡಲಪಾಚಿ, ಒಣಕಡ್ಡಿಗಳ ಸಾಲನ್ನೂ ಗುಡಿಸಬೇಡಿ, ಎಳೆಯ ದಿಬ್ಬ ಹುಟ್ಟುವುದು ಅಲ್ಲೇ. ಪ್ಲಾಸ್ಟಿಕ್ಕನ್ನು ಮಾತ್ರ ಕೈಯಿಂದ ಆರಿಸಿ.

ಬಿರುಗಾಳಿಯಲ್ಲಿ ದಿಬ್ಬದ ಮುಖ ಕಡಿದು ಬಿದ್ದರೆ ಗಾಬರಿಯಿಂದ ಕಲ್ಲು ಪೇರಿಸಬೇಡಿ. ಆ ಮರಳು ತೀರದಾಚೆಯ ನೀರಡಿಯಲ್ಲಿ ದಿಣ್ಣೆಯಾಗಿ ಕೂತು ಅಲೆಯ ಬಲ ತಗ್ಗಿಸುತ್ತದೆ. ಕಡಲು ಶಾಂತವಾದ ತಿಂಗಳುಗಳಲ್ಲಿ ಅದರಲ್ಲಿ ಬಹುಪಾಲು ದಡಕ್ಕೆ ಮರಳುತ್ತದೆ. ಮರಳು ಮತ್ತೆ ಒಣಗಿ ಹಾರತೊಡಗಿದಾಗ ಮುರಿದ ಬೇಲಿ ಸರಿಪಡಿಸಿ, ಬೋಳಾದ ಕಡೆ ಮುಂದಿನ ಮಳೆಗೆ ಬಳ್ಳಿ ನೆಡಿ.