ಸೌಂಡ್ ಕೇಳಿ ಕೆದರ್ರಿ

ಗೋವಾದ ಬೈನಾ ಬೀಚಿನಾಗ ಸಂಜಿಕ ನಮ್ಮ ಕಾಕಾರ ಮೆಟಲ್ ಡಿಟೆಕ್ಟರ್ ಕುಂಯ್ ಅಂದ್ರ ಸಾಕು ಹುಡುಗ್ರು ಸುತ್ತಗಟ್ಟಿ ಬಂಗಾರ ಬಂಗಾರ ಅಂತ ಒದರ್ತಾವ, ಮ್ಯಾಲ ಬರೋದು ನೋಡಿದ್ರ ಬಿಯರ್ ಬಾಟ್ಲಿ ಮುಚ್ಚಳ 😄 ಕೆಳಗಿಂದು ಯಾವ ಲೋಹ ಇರಬೌದಂತ ಮಷಿನ್ ಸ್ಕ್ರೀನಿನ ಮ್ಯಾಲ ತೋರಿಸೋ ನಂಬರ್ ಒಂದನ್ನ ನಂಬಿದ್ರ ಆಗಂಗಿಲ್ಲ ಬಿಡ್ರಿ, ಸಣ್ಣ ಉಂಗುರಕ್ಕ ಬರೋ ನಂಬರ್ ಅಲ್ಯೂಮಿನಿಯಂ ಫಾಯಿಲ್‌ಗೂ ಬರ್ತೈತಿ ಕ್ಯಾನಿನ ಕೊಂಡಿಗೂ ಬರ್ತೈತಿ, ಕಸ ಬ್ಯಾಡಂತ ಆ ನಂಬರಿಗಿ ಸೌಂಡ್ ಬರದಂಗ ಬಂದ್ ಮಾಡಿದ್ರ ಉಂಗುರಾನೂ ಹೋತು. ಕಾಕಾ ಏನ್ ಮಾಡ್ತಾರಂದ್ರ ಒಂದ್ ಕಡಿಂದ ಕಾಯಿಲ್ (ಮಷಿನಿನ ತುದಿಗಿರೋ ದುಂಡನ ತಟ್ಟಿ) ಬೀಸಿ ಆಮ್ಯಾಲ ಅಡ್ಡ ನಿಂತು ಮತ್ತ ಬೀಸ್ತಾರ, ಎರಡೂ ಸಲ ಸೌಂಡು ಒಂದ ಥರಾ ಸಾಫ್ ಬಂದ್ರ ಕೆದರೋದು, ಹರಕಮುರಕ ಬಂದು ನಂಬರ್ ಜಿಗದಾಡಿದ್ರ ಬಹಳ ಸಲ ಕಬ್ಬಿಣಾನ. ಹಸಿ ಉಸುಕಿನಾಗಂತೂ ಉಪ್ಪುನೀರಾ ಕರೆಂಟ್ ಹರಿಸ್ತೈತಲ್ಲ, ಒಂದ ಫ್ರೀಕ್ವೆನ್ಸಿ ಮಷಿನ್ ಸುಮ್ಮಸುಮ್ಮನ ಚೀರ್ತಾವ, ಒಮ್ಮಿಗೇ ಬ್ಯಾರೆ ಬ್ಯಾರೆ ಫ್ರೀಕ್ವೆನ್ಸಿ ಬಳಸೋ ಮಲ್ಟಿ ಫ್ರೀಕ್ವೆನ್ಸಿದು ಇದ್ರ ಜರಾ ಶಾಂತ, ಸೆನ್ಸಿಟಿವಿಟಿ ಇಳಿಸಿದ್ರೂ ನಡೀತೈತಿ ಖರೇ ಮಷಿನ್ ಹಿಡಿಯೋ ಆಳ ಕಡಿಮಿ ಆಗ್ತೈತಿ. ಕಿವಿ ತಯಾರಾಗಬೇಕು ಅಂತಾರ ಕಾಕಾ (ಕಾಕು ಕರದಿದ್ದು ಮಾತ್ರ ಆ ಕಿವಿಗಿ ಕೇಳಂಗಿಲ್ಲ). ಉಂಗುರ ಕಳಕೊಂಡಾಕಿ ಅವತ್ತ ಎಷ್ಟ್ ಹುಡುಕಿ ಅತ್ತಿರ್ತಾಳೋ, ನಾವಿಲ್ಲಿ ಸಾಫ್ ಸೌಂಡು ಅಂತ ಖುಷಿ ಪಡ್ತೀವಿ. ಕಳದಾರು ಯಾರರ ಇದ್ರ ಇನ್‌ಬಾಕ್ಸ್‌ಗೆ ಬರ್ರಿ, ಯಾವ ಬೀಚು, ಹಸಿ ಉಸುಕೋ ಒಣದೋ ಅಷ್ಟ್ ಹೇಳ್ರಿ, ಕಾಕಾ ಫ್ರೀ ಅದಾರ.