ದಿನಕ್ಕೆ 36 ಫೋಟೋ ಅಷ್ಟೇ

ಈ ವಾರ ಒಂದು ನಿಯಮ ಹಾಕ್ಕೊಂಡಿದೀನಿ, ದಿನಕ್ಕೆ 36 ಫೋಟೋ ಮಾತ್ರ, ಹಳೇ ಕ್ಯಾಮೆರಾದ ಫಿಲ್ಮ್ ರೀಲಲ್ಲಿ ಇರ್ತಿದ್ದಷ್ಟೇ, ತೆಗೆದಿದ್ದನ್ನ ಡಿಲೀಟ್ ಮಾಡಂಗಿಲ್ಲ, ಲೆನ್ಸ್ ಒಂದೇ, ಝೂಮ್ ಇಲ್ಲದ 50 ಎಂಎಂ. ಬೇಕಂದ್ರೆ ನಾವೇ ಹತ್ರ ನಡ್ಕೊಂಡು ಹೋಗ್ಬೇಕು.

ಇವತ್ತು ಬೆಳಗ್ಗೆ ಗಾಂಧಿಬಜಾರಲ್ಲಿ ಒಂದೇ ಹೂವಿನಂಗಡಿ ಮುಂದೆ ಒಂದು ಗಂಟೆ ನಿಂತೆ. ಮೊದಲ ಹತ್ತು ಫ್ರೇಮು ಎಲ್ರೂ ತೆಗೆಯೋ ಥರದ್ದೇ, ಸೇವಂತಿಗೆ ರಾಶಿ, ತಕ್ಕಡಿ, ಬಣ್ಣ. ಆಮೇಲೆ ಸುಮ್ನೆ ಕಾಯ್ತಾ ನಿಂತೆ ನೋಡಿ, ಆಗ ಕಾಣಿಸ್ತು. ಹೂ ಕಟ್ಟೋ ಅಜ್ಜಿ (ಕೇಳ್ಕೊಂಡೇ ತೆಗೆದಿದ್ದು) ಬಾಳೆನಾರನ್ನ ನೀರಲ್ಲಿ ಅದ್ದಿ, ಮಲ್ಲಿಗೆ ಮೊಗ್ಗು ಎರಡೆರಡು ಎದುರುಬದುರು ಇಟ್ಟು, ಒಂದು ಸುತ್ತು ಹಾಕಿ ಬಿಗಿಯಾಗಿ ಎಳೀತಾರಲ್ಲ, ಎಳೆಯೋ ಆ ಕ್ಷಣಕ್ಕೆ ನಾರಿಂದ ಒಂದು ಹನಿ ಚಿಮ್ಮುತ್ತೆ. ಶಟರ್ (ಬೆಳಕು ಒಳಗೆ ಬಿಡೋ ಸಮಯ) 1/1000 ಸೆಕೆಂಡಿಗೆ ಇಟ್ರೆ ಹನಿ ಗಾಳೀಲಿ ನಿಂತಂಗೆ ಸಿಗುತ್ತೆ, 1/15ಕ್ಕೆ ಇಳಿಸಿದ್ರೆ ಬೆರಳು ಹೊಗೆ ಥರ ಕರಗಿ, ಮಡಿಲಲ್ಲಿರೋ ಮಾಲೆ ಮಾತ್ರ ಉಳಿಯುತ್ತೆ. ನಂಗೆ ಎರಡನೇದೇ ಇಷ್ಟ ಆಯ್ತು.

ಫೋನಲ್ಲಿ ನೂರಾರು ತೆಗೀತಿದ್ದಾಗ ನಾನು ನೋಡ್ತಾನೇ ಇರ್ಲಿಲ್ಲ ಅನ್ಸುತ್ತೆ. ನಾಳೆನೂ ಅದೇ ಅಂಗಡಿ, ಆದ್ರೆ ಬರೀ ನೆರಳುಗಳು. ಹೋಗ್ವಾಗ ಅಜ್ಜಿಗೆ ಒಂದು ಪ್ರಿಂಟ್ ಹಾಕಿಸ್ಕೊಂಡು ಹೋಗ್ಬೇಕು.